ಕೆಲಸ ಹೋದ ಮನೆಯ ಲೆಕ್ಕ: ಪಿಎಫ್‌ಗೆ ಕೈ ಹಾಕೋ ಮುಂಚೆ ಏನೇನಿದೆ?
(ಇದು ಹಲವರು ಸೇರಿ ಮಾಡಿದ ಚರ್ಚೆ. ಪ್ರತಿ ಮಾತಿನ ಮೇಲಿರೋದು ಮಾತಾಡಿದವರ ಅಡ್ಡಹೆಸರು.)

ಹೆಬ್ಬಾಳ ಫ್ಲೈಓವರ್
ಬೆಂಗಳೂರಿನ ವೈಟ್‌ಫೀಲ್ಡ್ ಕಡೆ, ಮಾನ್ಯತಾ ಟೆಕ್ ಪಾರ್ಕ್ ಕಡೆ ಎಲ್ಲೆಲ್ಲೂ ಜನ ಕಮ್ಮಿ ಮಾಡೋ ಸುದ್ದಿ. ವಾಟ್ಸ್ಯಾಪ್ ಗ್ರೂಪುಗಳಲ್ಲಿ ಸಿಗೋದು ಒಂದೇ ಸಲಹೆ: "ಪಿಎಫ್ ತೆಗಿ, ಆರು ತಿಂಗಳು ನಡೆಸು." ಇದು ಸರಿಯಾ ಅಂತ ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ಒಂದು ಮನೆ ಇಟ್ಕೊಳ್ಳಿ: ತಿಂಗಳ ಸಂಬಳ 1 ಲಕ್ಷ, ಅದರಲ್ಲಿ ಬೇಸಿಕ್ 60,000. ಒಂದೇ ಕಂಪನಿಯಲ್ಲಿ 7 ವರ್ಷ 8 ತಿಂಗಳು. 20 ವರ್ಷಕ್ಕೆ 8.5% ಬಡ್ಡಿಯ 50 ಲಕ್ಷ ಹೋಮ್ ಲೋನ್, ಈಗಷ್ಟೇ ಶುರುವಾಗಿದೆ. ಕ್ರೆಡಿಟ್ ಕಾರ್ಡ್‌ನಲ್ಲಿ 1 ಲಕ್ಷ ಬಾಕಿ. ಬೀರುವಿನಲ್ಲಿ 40 ಗ್ರಾಂ ಬಳೆ. ದೊಡ್ಡವಳು ಸಿಇಟಿ ಬರೀತಾಳೆ, ಚಿಕ್ಕವನು ಏಳನೇ ಕ್ಲಾಸು. ಯಾವುದು ಮೊದಲು, ಯಾವುದು ಆಮೇಲೆ? ಸಮಾಧಾನದ ಮಾತು ಬೇಡ, ಅಂಕಿ ಬೇಕು.

ಎಚ್‌ಆರ್ ಕಡತ
ದುಡ್ಡಿಗಿಂತ ಮೊದಲು ಕಾಗದ. ಎಚ್‌ಆರ್ ರೂಮಿಗೆ ಕರೆದು "ನೀವೇ ರಾಜೀನಾಮೆ ಕೊಟ್ಬಿಡಿ, ರೆಕಾರ್ಡ್ ಚೆನ್ನಾಗಿರುತ್ತೆ" ಅಂತಾರಲ್ಲ, ಅಲ್ಲಿ ಒತ್ತೋ ಒಂದು ಬಟನ್ ಮುಂದಿನ ನಾಲ್ಕೈದು ಬಾಗಿಲು ಮುಚ್ಚುತ್ತೆ. ಹೋಮ್ ಲೋನ್ ಜೊತೆ ಕೆಲಸ ಹೋದರೆ ಇಎಂಐ ಕಟ್ಟೋ ವಿಮೆ ಮಾಡಿಸಿದ್ದರೆ, ಸಾಮಾನ್ಯವಾಗಿ ಅದು ಮೂರು ಇಎಂಐಗೆ ಸಿಗೋದು, ಸ್ವಂತ ರಾಜೀನಾಮೆಗೆ ಸಿಗಲ್ಲ. ಕಾನೂನಿನ ರಿಟ್ರೆಂಚ್‌ಮೆಂಟ್ (ಕಂಪನಿಯೇ ಜನ ಕಮ್ಮಿ ಮಾಡೋದು) ಪರಿಹಾರವೂ ರಾಜೀನಾಮೆಗೆ ಇಲ್ಲ. ಐದು ವರ್ಷ ತುಂಬದವರು ಪಿಎಫ್ ತೆಗೆದರೆ ತೆರಿಗೆ ಬೀಳುತ್ತೆ, ಆದರೆ ನೌಕರನ ಕೈಮೀರಿದ ಕಾರಣಕ್ಕೆ ಕೆಲಸ ಹೋಗಿದ್ದರೆ ವಿನಾಯಿತಿ ಇದೆ. ಆ ಕಾರಣವನ್ನ ತೋರಿಸೋಕೆ ಇರೋ ಮುಖ್ಯ ದಾಖಲೆ ಟರ್ಮಿನೇಶನ್ ಪತ್ರ.

ಪತ್ರದಲ್ಲಿ ಮೂರು ವಿಷಯ ಇರಲೇಬೇಕು: ಕೊನೆಯ ಕೆಲಸದ ದಿನ, ಕಾರಣ, ಮತ್ತು ಕೊಡುವ ಮೊತ್ತದ ಬಿಡಿ ವಿವರ. ನೋಟಿಸ್ ಪೇ ಎಷ್ಟು, ರಜೆಯ ಹಣ ಎಷ್ಟು, ಗ್ರಾಚ್ಯುಟಿ ಎಷ್ಟು, ಪರಿಹಾರ ಎಷ್ಟು ಅಂತ ಬೇರೆ ಬೇರೆ. ಎಲ್ಲ ಕೂಡಿಸಿ "ಎಕ್ಸ್‌ಗ್ರೇಶಿಯಾ" (ಕಂಪನಿ ತಾನಾಗಿ ಕೊಡೋ ಹಣ) ಅಂತ ಒಂದೇ ಸಾಲು ಬರೆದುಬಿಟ್ಟರೆ ತೆರಿಗೆ ಲೆಕ್ಕದಲ್ಲಿ ಪೂರ್ತಿ ಸಂಬಳ ಆಗ್ಬಿಡುತ್ತೆ. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ಕಾನೂನಿನ ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 5 ಲಕ್ಷದವರೆಗೆ ಇರೋ ವಿನಾಯಿತಿ ಕೈತಪ್ಪುತ್ತೆ.

ಕೋರಮಂಗಲ 80 ಅಡಿ
ಹೇಳೋಕೆ ಸುಲಭ ಮೇಡಂ. ಟರ್ಮಿನೇಟೆಡ್ ಅಂತ ಪತ್ರ ಹಿಡ್ಕೊಂಡು ಹೋದರೆ ಮುಂದಿನ ಕಂಪನಿಯವರು ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಕೆಂಪು ಗುರುತು ಹಾಕ್ತಾರೆ. ಅದಕ್ಕೇ ಜನ ಸಹಿ ಹಾಕೋದು.

ಎಚ್‌ಆರ್ ಕಡತ
ಶಿಸ್ತುಕ್ರಮಕ್ಕೂ ಹುದ್ದೆ ರದ್ದಾದದ್ದಕ್ಕೂ ವ್ಯತ್ಯಾಸ ಇದೆ. "ಹುದ್ದೆ ರದ್ದಾದ ಕಾರಣ" ಅಂತ ಬರೆಸಿಕೊಳ್ಳಿ, ಚೆಕ್ ಮಾಡೋ ಏಜೆನ್ಸಿಗಳು ಇದನ್ನ ದಿನಾ ನೋಡ್ತಾರೆ. ಕೊನೆಗೂ ರಾಜೀನಾಮೆಯೇ ಕೊಡಬೇಕಾಗಿ ಬಂದರೆ "ವೈಯಕ್ತಿಕ ಕಾರಣ" ಆಯ್ಕೆ ಮಾಡಬೇಡಿ. "ಇಂಥ ದಿನಾಂಕದ ಸಭೆಯಲ್ಲಿ ಕಂಪನಿ ಸೂಚಿಸಿದಂತೆ" ಅಂತ ಬರೆದು, ಅದರ ಪ್ರತಿ ಸ್ವಂತ ಇಮೇಲ್‌ಗೆ ಅವತ್ತೇ ಬರಲಿ. ಲ್ಯಾಪ್‌ಟಾಪ್ ವಾಪಸ್ ಹೋದ ಮೇಲೆ ಪೇಸ್ಲಿಪ್ಪೂ ಸಿಗಲ್ಲ.

ಡೈರಿ ಸರ್ಕಲ್
ಕಾನೂನಿನ ಕಡೆಯಿಂದ ಎರಡು ಮಾತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದರೂ ಅಷ್ಟೇ, ತಾವೇ ಬಿಟ್ಟರೂ ಅಷ್ಟೇ, ಬಾಕಿ ವೇತನ 2 ಕೆಲಸದ ದಿನಗಳೊಳಗೆ ಕೈಗೆ ಬರಬೇಕು. "ಫುಲ್ ಅಂಡ್ ಫೈನಲ್‌ಗೆ (ಕೊನೆಯ ಲೆಕ್ಕ ತೀರಿಸೋಕೆ) 45 ದಿನ" ಅನ್ನೋದು ಕಂಪನಿಗಳ ಹಳೇ ರೂಢಿ. ಗ್ರಾಚ್ಯುಟಿಗೆ ಮಾತ್ರ ಬೇರೆ ಗಡುವು, 30 ದಿನ.

ಮೇಲಿನ ಮನೆಗೆ ಗ್ರಾಚ್ಯುಟಿ ಲೆಕ್ಕ: 7 ವರ್ಷ 8 ತಿಂಗಳನ್ನ 8 ಅಂತ ಹಿಡೀಬೇಕು, ಆರು ತಿಂಗಳು ದಾಟಿದೆಯಲ್ಲ. 60,000 × 15 ÷ 26 × 8 = 2,76,923 ರೂಪಾಯಿ. 26ರ ಬದಲು 30ರಿಂದ ಭಾಗಿಸಿ 2,40,000 ಕೊಡೋ ಲೆಕ್ಕ ಆಗಾಗ ಕಣ್ಣಿಗೆ ಬೀಳುತ್ತೆ. ಸುಮಾರು 37,000 ಅಲ್ಲೇ ಹೋಯ್ತು.

ರಿಟ್ರೆಂಚ್‌ಮೆಂಟ್ ಪರಿಹಾರ ವರ್ಷಕ್ಕೆ 15 ದಿನದ ಸರಾಸರಿ ವೇತನ. ಬೇಸಿಕ್ ಮೇಲೆ ಹಿಡಿದರೆ ಇಲ್ಲಿ ಸುಮಾರು 2.4 ಲಕ್ಷ, ಅದು ಗ್ರಾಚ್ಯುಟಿ ಬಿಟ್ಟು. ಇದು ಕಾನೂನಿನ ಅರ್ಥದಲ್ಲಿ "ಕಾರ್ಮಿಕ" ಆದವರಿಗೆ ಮಾತ್ರ. ವಿಸಿಟಿಂಗ್ ಕಾರ್ಡ್ ಮೇಲೆ ಮ್ಯಾನೇಜರ್ ಅಂತ ಬರೆದಿದ್ದರೂ ಕೈಕೆಳಗೆ ಯಾರೂ ಇಲ್ಲ, ರಜೆ ಮಂಜೂರು ಮಾಡೋ ಅಧಿಕಾರ ಇಲ್ಲ ಅಂದ್ರೆ ವಾದಕ್ಕೆ ಜಾಗ ಇದೆ, ನೋಡೋದು ಮಾಡುವ ಕೆಲಸವನ್ನ. ದೂರು ಕೊಡೋದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ. ಪೇಸ್ಲಿಪ್, ಆಫರ್ ಲೆಟರ್, ಇಮೇಲ್ ಪ್ರಿಂಟ್ ಎರಡೆರಡು ಸೆಟ್ ಇರಲಿ.

ಜಯದೇವ ಜಂಕ್ಷನ್
ಆರೋಗ್ಯ ವಿಮೆ ಮರೀಬೇಡಿ. ಕಂಪನಿ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತೆ, ಅಪ್ಪ ಅಮ್ಮನದೂ ಸೇರಿ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ ಕಳೆದ ವೇಟಿಂಗ್ ಪೀರಿಯಡ್ (ಹಳೇ ಕಾಯಿಲೆಗೆ ವಿಮೆ ಸಿಗೋಕೆ ಕಾಯೋ ಅವಧಿ) ಲೆಕ್ಕಕ್ಕೆ ಸಿಗುತ್ತೆ, ಆದರೆ ಗುಂಪು ಪಾಲಿಸಿ ಇನ್ನೂ ಜೀವಂತ ಇರುವಾಗಲೇ ಅರ್ಜಿ ಹಾಕ್ಬೇಕು. ವೈಯಕ್ತಿಕ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಶುಗರ್, ಬಿಪಿ ಇರೋ ತಂದೆತಾಯಿ ಇರೋ ಮನೇಲಿ ಪಿಎಫ್‌ಗಿಂತ ಇದು ಅವಸರದ ಕೆಲಸ.

ರಾಜಾರಾಮ್ ಮೋಹನ್ ರಾಯ್ ರಸ್ತೆ
ಈಗ ಪಿಎಫ್‌ಗೆ ಬರೋಣ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಹಳೇ ನಿಯಮದಲ್ಲಿ ಕೆಲಸ ಇಲ್ಲದೆ ಒಂದು ತಿಂಗಳಾದರೆ 75%, ಎರಡು ತಿಂಗಳಾದರೆ ಪೂರ್ತಿ ತೆಗೀಬಹುದಿತ್ತು. 2025ರ ಅಕ್ಟೋಬರ್ 13ರಂದು ಇಪಿಎಫ್‌ಒದ ಕೇಂದ್ರ ಟ್ರಸ್ಟಿ ಮಂಡಳಿ ತೀರ್ಮಾನಿಸಿದ್ದು ಹೀಗೆ: 75% ತಕ್ಷಣ ತೆಗೆಯಬಹುದು, ಉಳಿದ 25% ಕೈಗೆ ಬರೋಕೆ 12 ತಿಂಗಳು ಕಾಯಬೇಕು, ಪಿಂಚಣಿ ಭಾಗಕ್ಕೆ 36 ತಿಂಗಳು. ಹಾಗಾಗಿ "ಎರಡು ತಿಂಗಳಾದ ಮೇಲೆ ಪೂರ್ತಿ ಬರುತ್ತೆ" ಅಂತ ಯಾರಿಗೂ ಮಾತು ಕೊಡಬೇಡಿ. ಅರ್ಜಿ ಹಾಕೋ ದಿನ ಪೋರ್ಟಲ್ ತೋರಿಸಿದ ಮೊತ್ತವೇ ಲೆಕ್ಕ.

ಅರ್ಜಿ ತಿರಸ್ಕಾರ ಆಗೋ ಕಾರಣಗಳನ್ನ ನೋಡಿ. ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಇನಿಷಿಯಲ್. ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಪ್ಯಾನ್‌ನಲ್ಲಿ ಅವೇ ಅಕ್ಷರ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು, ಬ್ಯಾಂಕ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ. ಮನುಷ್ಯನ ಕಣ್ಣಿಗೆ ಒಂದೇ ಹೆಸರು, ಸಿಸ್ಟಮ್‌ಗೆ ಮೂವರು. ಯುಎಎನ್‌ನಲ್ಲಿ (ಪಿಎಫ್‌ನ ಖಾಯಂ ಸಂಖ್ಯೆ) ಇರೋದನ್ನ ಜಾಯಿಂಟ್ ಡಿಕ್ಲರೇಶನ್ ಅನ್ನೋ ತಿದ್ದುಪಡಿ ಅರ್ಜಿಯ ಮೂಲಕ ಆಧಾರ್‌ಗೆ ಹೊಂದಿಸಿ. ಇದಕ್ಕೆ ಎಷ್ಟೋ ಸಲ ಕಂಪನಿಯ ಒಪ್ಪಿಗೆ ಬೇಕಾಗುತ್ತೆ, ಆದ್ದರಿಂದ ಕೆಲಸದಲ್ಲಿ ಇರುವಾಗಲೇ ಮುಗಿಸಿ. ಕಂಪನಿ ಬಾಗಿಲು ಹಾಕಿದ ಮೇಲೆ ಸಹಿ ಹಾಕೋಕೆ ಯಾರೂ ಸಿಗಲ್ಲ.

ಎರಡನೇದು, ಬಿಟ್ಟ ದಿನಾಂಕ. ಅದು ದಾಖಲಾಗದೆ ಫಾರ್ಮ್ 19 (ಪಿಎಫ್ ಪೂರ್ತಿ ತೆಗೆಯೋ ಅರ್ಜಿ) ತೆರೆಯೋದೇ ಇಲ್ಲ. ಕಂಪನಿ ಹಾಕದಿದ್ದರೆ ಕೊನೆಯ ವಂತಿಗೆಯಿಂದ ಎರಡು ತಿಂಗಳಾದ ಮೇಲೆ ಮೆಂಬರ್ ಪೋರ್ಟಲ್‌ನ ಮ್ಯಾನೇಜ್ ಮೆನುವಿನಲ್ಲಿ ಮಾರ್ಕ್ ಎಕ್ಸಿಟ್ ಅಂತ ಇದೆ, ನಾವೇ ಹಾಕಬಹುದು. ಪೇಸ್ಲಿಪ್‌ನ ಕೊನೆಯ ದಿನಾಂಕವನ್ನೇ ಹಾಕಿ. ಹೊಸ ಕಂಪನಿ ಸೇರಿದ ದಿನಕ್ಕಿಂತ ಒಂದು ದಿನ ಆಚೆ ಹೋದರೂ ಎರಡು ಸೇವೆ ಒಂದರ ಮೇಲೊಂದು ಬಿದ್ದು ಮುಂದೆ ವರ್ಗಾವಣೆ ಸಿಕ್ಕಿಹಾಕಿಕೊಳ್ಳುತ್ತೆ.

ಮೂರನೇದು, ಹಳೇ ಕಂಪನಿಗಳ ಖಾತೆ. ಹಿಂದಿನ ಮೆಂಬರ್ ಐಡಿಗಳನ್ನ ಈಗಿನದಕ್ಕೆ ವರ್ಗಾಯಿಸಿ, ಆಗಲೇ ಐದು ವರ್ಷದ ಸೇವೆ ಕೂಡೋದು. ಇಲ್ಲದಿದ್ದರೆ 50,000 ಮೀರಿದ ಹಣಕ್ಕೆ ಪ್ಯಾನ್ ಇದ್ದರೂ 10% ಟಿಡಿಎಸ್ (ಕೊಡೋ ಮುಂಚೆಯೇ ಕತ್ತರಿಸೋ ತೆರಿಗೆ).

ಬೆಂಗಳೂರಲ್ಲಿ ಪಿಎಫ್ ಕಚೇರಿ ಒಂದೇ ಅಲ್ಲ. ಮೆಂಬರ್ ಐಡಿಯ ಮೊದಲ ಐದು ಅಕ್ಷರ ನೋಡಿದರೆ ಯಾವ ಕಚೇರಿಯದು ಅಂತ ಗೊತ್ತಾಗುತ್ತೆ. ಅದನ್ನ ನೋಡದೆ ರಿಚ್‌ಮಂಡ್ ಸರ್ಕಲ್‌ವರೆಗೆ ಬಂದು, "ನಿಮ್ಮದು ಬೊಮ್ಮಸಂದ್ರ" ಅಂತ ಕೇಳಿಸಿಕೊಂಡು ಹೋಗೋರು ದಿನಾ ಇದ್ದಾರೆ.

ಹೆಬ್ಬಾಳ ಫ್ಲೈಓವರ್
ಅಂದ್ರೆ ತೆಗೀಬಹುದು. ತೆಗೀಬೇಕಾ?

ಬಸವನಗುಡಿ ಆಡಿಟ್
ನನ್ನ ಮತ: ಕೊನೆಗೆ. ಕಾರಣ ಬಡ್ಡಿ ಒಂದೇ ಅಲ್ಲ. ಪಿಎಫ್ ಖಾತೆಯಲ್ಲಿ ಇರೋ ಹಣವನ್ನ ಸಾಲಗಾರರು ಜಪ್ತಿ ಮಾಡೋ ಹಾಗಿಲ್ಲ, ಪಿಎಫ್ ಕಾಯ್ದೆಯಲ್ಲೇ ರಕ್ಷಣೆ ಇದೆ. ಅದೇ ಹಣ ಉಳಿತಾಯ ಖಾತೆಗೆ ಬಂದ ಕ್ಷಣ ಮಾಮೂಲಿ ಹಣ. ಆ ಖಾತೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಇದ್ದರೆ ಬಾಕಿಗೆ ಮುರಿದುಕೊಳ್ಳಬಹುದು. ಪರಿಹಾರದ ಹಣ, ಗ್ರಾಚ್ಯುಟಿ ಬರೋ ಖಾತೆಯನ್ನ ಸಾಲ ಇಲ್ಲದ ಬ್ಯಾಂಕಿನಲ್ಲಿ ಇಡಿ ಅನ್ನೋದು ಇದಕ್ಕೇ.

ವಂತಿಗೆ ನಿಂತರೂ ಬಡ್ಡಿ ಬರುತ್ತೆ. 2024-25ಕ್ಕೆ ಕೊಟ್ಟಿದ್ದು 8.25%. ಕೆಲಸ ಬಿಟ್ಟ ಮೇಲಿನ ಅವಧಿಯ ಬಡ್ಡಿಗೆ ತೆರಿಗೆ ಇದೆ, ಅದನ್ನ ರಿಟರ್ನ್‌ನಲ್ಲಿ ತೋರಿಸಬೇಕು.

ಅವೆನ್ಯೂ ರಸ್ತೆ
ಹಾಗಾದರೆ ಬಳೆ ಇಡಿ ಸಾರ್. ಲೆಕ್ಕ ನೋಡಿ.

ಬ್ಯಾಂಕಿನ ಅಪ್ರೈಸರ್ ಬಳೆ ತಗೊಂಡು ಒರೆಗಲ್ಲಿಗೆ ಉಜ್ಜಿ ನೋಡ್ತಾನೆ, ಕಲ್ಲು, ಅರಗು ಇದ್ದರೆ ತೂಕದಿಂದ ಕಳೀತಾನೆ. 40 ಗ್ರಾಂನಲ್ಲಿ 3 ಹೋಗಿ ನಿವ್ವಳ 37 ಅಂತಿಟ್ಕೊಳ್ಳಿ. ದರ ಆ ಬಳೆಯ ಕ್ಯಾರೆಟ್‌ದು: ಹಿಂದಿನ 30 ದಿನದ ಸರಾಸರಿ ಅಥವಾ ನಿನ್ನೆಯ ದರ, ಎರಡರಲ್ಲಿ ಕಡಿಮೆಯದು. ಅಂಗಡಿ ಬೋರ್ಡಿನ ದರ ಅಲ್ಲಿ ನಡೆಯಲ್ಲ, ಮಜೂರಿ, ವೇಸ್ಟೇಜ್ ಅಂತೂ ಇಲ್ಲವೇ ಇಲ್ಲ. ಲೆಕ್ಕಕ್ಕೆ ಗ್ರಾಂಗೆ 10,000 ಹಿಡಿದರೆ 3,70,000.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದಲ್ಲಿ ಸಾಲ 2.5 ಲಕ್ಷದವರೆಗೆ ಇದ್ದರೆ ಮೌಲ್ಯದ 85%, 5 ಲಕ್ಷದವರೆಗೆ 80%, ಅದಕ್ಕೂ ಮೇಲೆ 75%. ಜಾರಿ 2026ರ ಏಪ್ರಿಲ್ 1ರೊಳಗೆ. ವರ್ಷದ ಕೊನೆಗೆ ಒಟ್ಟಿಗೆ ತೀರಿಸೋ ಬುಲೆಟ್ ಸಾಲವಾದರೆ ಆ ವರ್ಷದ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು. 3,70,000ದ 80% ಅಂದ್ರೆ 2,96,000. ಬಡ್ಡಿ 9% ಆದರೆ ಕೈಗೆ ಸಿಗೋದು ಸುಮಾರು 2,71,500. "ಎಂಬತ್ತು ಪರ್ಸೆಂಟ್ ಅಂದ್ರಿ, ಕಮ್ಮಿ ಕೊಟ್ರಿ" ಅಂತ ಕೌಂಟರ್‌ನಲ್ಲಿ ಜಗಳ ಆಗೋದು ಇಲ್ಲೇ.

ಅದರಲ್ಲಿ ಮೊದಲು ಕಾರ್ಡಿನ 1 ಲಕ್ಷ ತೀರಿಸಿ. ಕಾರ್ಡ್ ಬಡ್ಡಿ ತಿಂಗಳಿಗೆ 3.5% ಅಂದ್ರೆ 3,500, ಅದರ ಮೇಲೆ 18% ಜಿಎಸ್‌ಟಿ 630, ಒಟ್ಟು 4,130. ಕನಿಷ್ಠ ಮೊತ್ತ ಅಂತ 5,000 ಕಟ್ಟಿದರೆ ಅಸಲಿಗೆ ಹೋಗೋದು 870. ಅದೇ 1 ಲಕ್ಷಕ್ಕೆ ಚಿನ್ನದ ಸಾಲದಲ್ಲಿ ವರ್ಷಕ್ಕೆ 9,000.

ಪೀಣ್ಯ 2ನೇ ಹಂತ
ಒಪ್ಪಲ್ಲ ಗುರು. ಪಿಎಫ್ ತೆಗೆದರೆ ಯಾರೂ ಮನೆಗೆ ಬಂದು ಕೇಳಲ್ಲ. ಬಳೆ ಇಟ್ಟರೆ 12 ತಿಂಗಳಿಗೆ ಗಡುವು. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಹರಾಜು. ಐಟಿ ಕಡೆ ಮೂರು ತಿಂಗಳಲ್ಲಿ ಇನ್ನೊಂದು ಸಿಗಬಹುದು, ಶಾಪ್ ಫ್ಲೋರ್‌ನಲ್ಲಿ ಹಾಗಿಲ್ಲ.

ಅವೆನ್ಯೂ ರಸ್ತೆ
ಮಾತು ಸರಿ ಇದೆ. ಅದಕ್ಕೇ ಪೂರ್ತಿ 2.7 ಲಕ್ಷ ಎತ್ತಬೇಡಿ, ಕಾರ್ಡ್ ತೀರಿಸೋಕೆ ಬೇಕಾದಷ್ಟು ಮಾತ್ರ. ಎಲ್ಲ ಬಳೆಗೂ ಒಂದೇ ಸಾಲ ಬೇಡ, ಎರಡು ಸಾಲವಾಗಿ ಇಡಿ, ಒಂದನ್ನ ಬೇಗ ಬಿಡಿಸ್ಕೋಬಹುದು. ತೀರಿಸಿದ ಮೇಲೆ ಒಡವೆ ಅವತ್ತೇ, ಹೆಚ್ಚೆಂದರೆ 7 ಕೆಲಸದ ದಿನದೊಳಗೆ ವಾಪಸ್ ಬರಬೇಕು. ತಡ ಅವರ ಕಡೆಯಿಂದ ಆದರೆ ದಿನಕ್ಕೆ 5,000 ಕೊಡಬೇಕು ಅಂತಲೂ ಆ ನಿಯಮದಲ್ಲಿ ಇದೆ. ಓಣಿಯ ಗಿರವಿ ಅಂಗಡಿಗೆ ಮಾತ್ರ ಹೋಗಬೇಡಿ, ಬಡ್ಡಿ ತಿಂಗಳ ಲೆಕ್ಕದಲ್ಲಿ ಹೇಳ್ತಾರೆ, ಚೀಟಿಯಲ್ಲಿ ತೂಕ ಸರಿಯಾಗಿ ಬರೆಯಲ್ಲ.

ಬಸವನಗುಡಿ ಆಡಿಟ್
ಪೀಣ್ಯದವರಿಗೆ: ಸಂಬಳ 21,000ದೊಳಗೆ ಇದ್ದು ಇಎಸ್‌ಐ ಕಟ್ಟಿದ್ದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ನೋಡಿ. ದಿನದ ಸರಾಸರಿ ವೇತನದ 50%, ಒಟ್ಟು 90 ದಿನದವರೆಗೆ. ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ. ಯೋಜನೆಯನ್ನ ಅವಧಿ ಅವಧಿಗೆ ವಿಸ್ತರಿಸ್ತಾ ಬಂದಿದ್ದಾರೆ, ಶಾಖಾ ಕಚೇರಿಯಲ್ಲಿ ಈಗಿನ ಸ್ಥಿತಿ ಕೇಳಿಯೇ ಮುಂದುವರಿಯಿರಿ.

ಸಾಲ ವಿಭಾಗ
ಹೋಮ್ ಲೋನ್ ಬಗ್ಗೆ ಯಾರೂ ಮಾತಾಡಿಲ್ಲ. 50 ಲಕ್ಷ, 8.5%, 20 ವರ್ಷ: ಇಎಂಐ 43,391. ಅದರಲ್ಲಿ ಮೊದಲ ತಿಂಗಳ ಬಡ್ಡಿಯೇ 35,417. "ಬರೀ ಬಡ್ಡಿ ಕಟ್ಟೋ ಸೌಲಭ್ಯ ಕೊಡಿ" ಅಂತ ಬ್ಯಾಂಕ್ ಮುಂದೆ ನಿಂತರೂ ಉಳಿಯೋದು ಸುಮಾರು 8,000. ಅವಧಿಯನ್ನ 25 ವರ್ಷಕ್ಕೆ ಎಳೆದರೆ ಇಎಂಐ 40,261, ಅಂದ್ರೆ ತಿಂಗಳಿಗೆ 3,130 ಉಳಿಸೋಕೆ ಒಟ್ಟು 16 ಲಕ್ಷಕ್ಕೂ ಹೆಚ್ಚು ಬಡ್ಡಿ ಜಾಸ್ತಿ. ಹೊಸ ಸಾಲದಲ್ಲಿ ಈ ಎರಡೂ ದಾರಿ ಅಷ್ಟು ಪ್ರಯೋಜನ ಇಲ್ಲ. ಗ್ರಾಚ್ಯುಟಿ ಬಂದರೆ ಅದರಿಂದ ಆರು ಇಎಂಐ, ಅಂದ್ರೆ 2,60,346, ಬೇರೆ ತೆಗೆದಿಡಿ, ಪಾರ್ಟ್ ಪೇಮೆಂಟ್ ಮಾಡಬೇಡಿ. ಸಾಲಕ್ಕೆ ಕಟ್ಟಿದ ಹಣವನ್ನ ಬ್ಯಾಂಕ್ ವಾಪಸ್ ಕೊಡಲ್ಲ.

ಕಟ್ಟೋಕೆ ಆಗಲ್ಲ ಅನಿಸಿದರೆ ಮೊದಲ ಬೌನ್ಸ್ ಆಗೋ ಮುಂಚೆ ಶಾಖೆಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಬಾಕಿ 30 ದಿನದೊಳಗೆ ಒಂದು ವರ್ಗ, 60ರವರೆಗೆ ಇನ್ನೊಂದು, 90 ದಾಟಿದರೆ ಎನ್‌ಪಿಎ (ಕೆಟ್ಟ ಸಾಲ). ಮರುಹೊಂದಾಣಿಕೆಯ ಮಾತು ಮೊದಲ 60 ದಿನದಲ್ಲಿ ನಡೆಯೋ ಹಾಗೆ ಆಮೇಲೆ ನಡೆಯಲ್ಲ. ಎನ್‌ಪಿಎ ಆದ ಮೇಲೆ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯನ್ನ ಬ್ಯಾಂಕ್ ವಶಕ್ಕೆ ತಗೊಳ್ಳೋ ಕಾನೂನು) 13(2) ನೋಟಿಸ್, 60 ದಿನದ ಗಡುವು.

ಇನ್ನೊಂದು ಸಣ್ಣ ವಿಷಯ: ಸಂಬಳ ಬರೋದು ನಿಂತ ಮೇಲೆ ಸ್ಯಾಲರಿ ಖಾತೆ ಕೆಲವು ತಿಂಗಳಲ್ಲಿ ಮಾಮೂಲಿ ಉಳಿತಾಯ ಖಾತೆ ಆಗುತ್ತೆ, ಕೆಲವು ಬ್ಯಾಂಕಿನವರು ಕನಿಷ್ಠ ಬ್ಯಾಲೆನ್ಸ್ ದಂಡ ಕತ್ತರಿಸ್ತಾರೆ. ಇಎಂಐ ದಿನಕ್ಕೆ ಅಲ್ಲಿ ಐನೂರು ರೂಪಾಯಿ ಕಮ್ಮಿ ಬಿದ್ದು ಬೌನ್ಸ್ ಆಗೋದು ಹೀಗೇ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ.

ವಿಜಯನಗರ ಬಾಡಿಗೆ
ಬಾಡಿಗೆ ಮನೆಯವರಿಗೆ ಒಂದು ಸಾಲು: ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದರೆ ಅದೇ ನಿಮ್ಮ ಎಮರ್ಜೆನ್ಸಿ ಫಂಡು. ಸಣ್ಣ ಮನೆಗೆ ಹೋದರೆ ವ್ಯತ್ಯಾಸ ಕೈಗೆ ಬರುತ್ತೆ. ಅಗ್ರಿಮೆಂಟ್‌ನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳು ಅಂತ ಇದ್ದರೆ ಅಷ್ಟೇ ಕತ್ತರಿಸಲಿ. ಬೀಗದ ಕೈ ಕೊಡೋದು, ಹಣ ಖಾತೆಗೆ ಬೀಳೋದು ಒಂದೇ ದಿನ ಆಗಲಿ.

ಸಂಪಿಗೆ ರಸ್ತೆ ಮೇಷ್ಟ್ರು
ಮಕ್ಕಳ ವಿಷಯ. ಸಿಇಟಿಯವಳಿಗೆ ಸೂಪರ್‌ನ್ಯೂಮರರಿ ಕೋಟಾ, ಎಸ್‌ಎನ್‌ಕ್ಯೂ ಅಂತಾರಲ್ಲ, ಅದನ್ನ ಬಿಡಬೇಡಿ. ಮಂಜೂರಾದ ಸೀಟುಗಳ ಮೇಲೆ 5%, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು. ಬೋಧನಾ ಶುಲ್ಕ ಮಾತ್ರ ಮನ್ನಾ, ಬೇರೆ ಶುಲ್ಕ ಕಟ್ಟಬೇಕು. ಸಂಬಳ ಲಕ್ಷ ಇದ್ದಾಗ ತೆಗೆಸಿದ ಪ್ರಮಾಣಪತ್ರ ಇಲ್ಲಿ ಉಪಯೋಗಕ್ಕೆ ಬರಲ್ಲ. ನಾಡಕಚೇರಿಯಲ್ಲಿ ಹೊಸ ಅರ್ಜಿ, ಜೊತೆಗೆ ಟರ್ಮಿನೇಶನ್ ಪತ್ರ. ಕೆಇಎ (ಸಿಇಟಿ ನಡೆಸೋ ಪ್ರಾಧಿಕಾರ) ಅರ್ಜಿಗೆ ಬೇಕಾಗೋದು ಆ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಫಲಿತಾಂಶ ಬಂದ ಮೇಲೆ ಓಡಾಡಿದರೆ ತಡ.

ಸೀಟು ಬಂದಾಗ ಚಾಯ್ಸ್ 1 ಒತ್ತಿದರೆ ಅಲ್ಲಿಗೆ ಮುಗಿಯಿತು. ಇನ್ನೂ ಕಡಿಮೆ ಶುಲ್ಕದ ಸರ್ಕಾರಿ ಕಾಲೇಜು ಮುಂದಿನ ಸುತ್ತಿನಲ್ಲಿ ಸಿಗಬಹುದು ಅನಿಸಿದರೆ ಚಾಯ್ಸ್ 2, ಹಣ ಕಟ್ಟಬೇಕು ಆದರೆ ಕೈಯಲ್ಲಿರೋದು ಉಳಿಯುತ್ತೆ. ಚಾಯ್ಸ್ 3ರಲ್ಲಿ ಕೈಯಲ್ಲಿರೋದನ್ನೂ ಬಿಟ್ಟ ಹಾಗೆ.

ಶಿಕ್ಷಣ ಸಾಲ: 7.5 ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಕೇಳಲ್ಲ. ಪಟ್ಟಿಯಲ್ಲಿರೋ ಸಂಸ್ಥೆಗೆ ಸೇರಿದರೆ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನ, ಜಾಮೀನುದಾರ ಎರಡೂ ಬೇಡ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಲಿಕೆಯ ಅವಧಿಯಲ್ಲಿ 3% ಬಡ್ಡಿ ರಿಯಾಯಿತಿ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ 2% ಬಡ್ಡಿಗೆ. ಅಪ್ಪ ಸಹ ಸಾಲಗಾರ ಆಗಬೇಕಾದ ಕಡೆ ಅವರ ಸಿಬಿಲ್ ನೋಡ್ತಾರೆ. ಮೇಲಿನವರು ಕಾರ್ಡ್ ಮೊದಲು ತೀರಿಸಿ ಅಂದದ್ದಕ್ಕೆ ಇದೂ ಒಂದು ಕಾರಣ.

ಏಳನೇ ಕ್ಲಾಸಿನವನನ್ನ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬದಲಿಸೋದಾದರೆ ಟಿಸಿ ತಡ ಆಯ್ತು ಅಂತ ಆ ಶಾಲೆ ಪ್ರವೇಶ ನಿರಾಕರಿಸೋ ಹಾಗಿಲ್ಲ, ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್. ಆದರೆ ಎಸ್‌ಎಟಿಎಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆಯನ್ನ ಹಳೇ ಶಾಲೆ ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ದಾಖಲೆಗೆ ಮಗು ಬರಲ್ಲ. ಫೀ ಬಾಕಿ ಇರೋ ಖಾಸಗಿ ಶಾಲೆಗಳು ಹಿಡಿಯೋದು ಇದನ್ನೇ. ಬರವಣಿಗೆಯಲ್ಲಿ ಕೇಳಿ, ಉತ್ತರ ಬರದಿದ್ದರೆ ಬಿಇಒ ಕಚೇರಿ.

ಕೋರಮಂಗಲ 80 ಅಡಿ
ಆರು ತಿಂಗಳ ಕೋರ್ಸ್, 2 ಲಕ್ಷ ಫೀ, "ನೋ ಕಾಸ್ಟ್ ಇಎಂಐ", ಕೆಲಸ ಗ್ಯಾರಂಟಿ ಅಂತ ದಿನಾ ಫೋನ್ ಬರುತ್ತೆ. ಸೇರಬಹುದಾ?

ಸಂಪಿಗೆ ರಸ್ತೆ ಮೇಷ್ಟ್ರು
ಅದು ಇಎಂಐ ಅಲ್ಲಪ್ಪ, ಒಂದು ಫೈನಾನ್ಸ್ ಕಂಪನಿಯ ಪರ್ಸನಲ್ ಲೋನ್. ಹಣ ಮೊದಲ ದಿನವೇ ಸಂಸ್ಥೆಗೆ ಹೋಗುತ್ತೆ. ನಡುವೆ ಬಿಟ್ಟರೂ, ಸಂಸ್ಥೆ ಮುಚ್ಚಿದರೂ ಕಂತು ನಿಲ್ಲಲ್ಲ. ವಿಷಯ ಬೇಕಾದರೆ ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ತಾಣದಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ. ಕೈಕೆಲಸ, ಸಿಎನ್‌ಸಿ ಕಡೆ ಹೋಗೋರಿಗೆ ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ವಿಚಾರಿಸಿ.

ಬಸವನಗುಡಿ ಆಡಿಟ್
ಹೊಸ ಕೆಲಸ ಸಿಕ್ಕ ದಿನಕ್ಕೆ ಒಂದು ಎಚ್ಚರಿಕೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ 1 ಲಕ್ಷ, ನವೆಂಬರ್ ಖಾಲಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 1.75 ಲಕ್ಷ ಅಂದ್ಕೊಳ್ಳಿ. ಎರಡೂ ಕಡೆ 7 ಲಕ್ಷ. ಮೊದಲ ಕಂಪನಿ ಟಿಡಿಎಸ್ ಕತ್ತರಿಸಿರಲ್ಲ, ಹಳೇ ಸಂಬಳ ಹೇಳದಿದ್ದರೆ ಎರಡನೇದೂ ಕತ್ತರಿಸಲ್ಲ. ಆದರೆ ಒಟ್ಟು 14 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಒಂದೇ ಸಲ, ಉಳಿದ 13.25 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಸೆಸ್ ಸೇರಿ 81,900. ರಿಟರ್ನ್ ಹಾಕೋವಾಗ ಒಟ್ಟಿಗೆ ಕಟ್ಟಬೇಕು, ಅಡ್ವಾನ್ಸ್ ಟ್ಯಾಕ್ಸ್ ಕಟ್ಟದ ಬಡ್ಡಿಯೂ ಸೇರಿ. ಸೇರಿದ ವಾರವೇ ಹಿಂದಿನ ಕಂಪನಿಯ ಆದಾಯದ ವಿವರ ಹೊಸ ಪೇರೋಲ್‌ಗೆ ಕೊಡಿ, ತಿಂಗಳು ತಿಂಗಳು ಹಂಚಿ ಕತ್ತರಿಸ್ತಾರೆ.

ಪೀಣ್ಯ 2ನೇ ಹಂತ
ಮಗ ಈ ವರ್ಷ ಡಿಗ್ರಿ ಮುಗಿಸಿ ಮನೇಲಿದ್ದರೆ ಯುವನಿಧಿ ಸಿಗುತ್ತಾ? ಅಪ್ಪನ ಕೆಲಸ ಹೋಗಿದ್ದಕ್ಕೂ ಅದಕ್ಕೂ ಸಂಬಂಧ ಇದೆಯಾ?

ರಾಜಾರಾಮ್ ಮೋಹನ್ ರಾಯ್ ರಸ್ತೆ
ಅಪ್ಪನ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಾಸಾಗಿ 180 ದಿನ ಆದರೂ ಮಗನಿಗೆ ಕೆಲಸ ಇಲ್ಲದಿದ್ದರೆ, ಮುಂದೆ ಓದ್ತಾ ಇಲ್ಲದಿದ್ದರೆ, ಸೇವಾಸಿಂಧುವಿನಲ್ಲಿ ಅರ್ಜಿ. ಪದವಿಗೆ 3,000, ಡಿಪ್ಲೊಮಾಕ್ಕೆ 1,500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಇಲ್ಲ ಅಂತ ಸ್ವಯಂ ಘೋಷಣೆ ಕೊಡ್ತಾ ಇರಬೇಕು, ತಪ್ಪಿದರೆ ಹಣ ನಿಲ್ಲುತ್ತೆ. ಎರಡು ತಿಂಗಳು ಅಂತ ಎಲ್ಲಾದರೂ ಸೇರಿ ಪಿಎಫ್ ಕಡಿತ ಆದರೆ ಯುಎಎನ್‌ನಲ್ಲಿ ಕಾಣುತ್ತೆ, ಆ ತಿಂಗಳುಗಳಿಗೆ ಘೋಷಣೆ ಕೊಡಬಾರದು.